ಮನೆಯಂಗಳದಲ್ಲಿ ಪಿಕಪ್ ಗಾಡಿಯ ಎಂಜಿನ್ನು ಇಳಿಸುವ ಕ್ರಮ

ಆದವಾನಿ, ಆಲೂರು, ಹೊಳಗುಂದಿ, ಕೌತಾಳಂ, ಕೋಸಿಗಿ ಕಡೆಯ ಹಳ್ಳಿಗಳಲ್ಲಿ ಹತ್ತಿಯ ಅಂಡಿಗೆಗಳನ್ನು ಪೇಟೆಗೆ ಮುಟ್ಟಿಸುತ್ತಿದ್ದುದು ಒಂದು ಕಾಲಕ್ಕೆ ಎತ್ತಿನ ಬಂಡಿ. ಈಗ ಆ ಕೆಲಸವನ್ನು ಪಿಕಪ್ ಗಾಡಿಯು ಮಾಡುತ್ತಿದೆ. ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ, ಶೇಂಗಾ, ಗೊಬ್ಬರದ ಚೀಲ, ಎಲ್ಲಕ್ಕೂ ಅದೇ ಆಧಾರ. ಬಂಡಿಯ ಅಚ್ಚು ಮುರಿದರೆ ಊರ ಬಡಿಗನು ದುರಸ್ತಿ ಮಾಡಿಕೊಡುತ್ತಿದ್ದನು. ಪಿಕಪ್ಪಿನ ಎಂಜಿನ್ನು ಕೆಟ್ಟರೆ ಹಾಗಲ್ಲ. ಗಾಡಿಯನ್ನು ಬೇರೊಂದು ಗಾಡಿಗೆ ಕಟ್ಟಿ ಪೇಟೆಗೆ ಎಳೆಸಬೇಕು. ಅಲ್ಲಿ ಕಾರ್ಖಾನೆಯ ಅಂಗಳದಲ್ಲಿ ಸರದಿಗಾಗಿ ನಿಲ್ಲಿಸಬೇಕು. ಎಳೆಸಿದ್ದಕ್ಕೆ, ಇಳಿಸಿದ್ದಕ್ಕೆ, ಏರಿಸಿದ್ದಕ್ಕೆ ಬೇರೆ ಬೇರೆ ಕೂಲಿ ತೆರಬೇಕು. ಆದ್ದರಿಂದ ಎಂಜಿನ್ನನ್ನು ಮನೆಯಲ್ಲಿಯೇ ಇಳಿಸಿ, ಅದೊಂದನ್ನೇ ಬೋರಿಂಗ್ ಅಂಗಡಿಗೆ ಒಯ್ಯುವ ರೂಢಿ ಕೆಲವು ಊರುಗಳಲ್ಲಿ ಬಂದಿದೆ. ಇದು ಒಳ್ಳೆಯ ರೂಢಿಯೇ. ಆದರೆ ಬೇವಿನ ಕೊಂಬೆಗೆ ಹಗ್ಗ ಕಟ್ಟಿ ನಾಲ್ವರು ಜಗ್ಗಿ ಎತ್ತುವ ಪದ್ಧತಿಯೂ ಅದರ ಜೊತೆಗೇ ಬಂದಿದೆ. ಅದನ್ನು ಬಿಡಿಸುವುದೇ ಈ ಲೇಖನದ ಮುಖ್ಯ ಉದ್ದೇಶ.

ಇಲ್ಲಿ ಹೇಳುವುದು ಮುಂಗಡೆ ಬಾನೆಟ್ಟಿರುವ, ಎಂಜಿನ್ನು ಉದ್ದುದ್ದವಾಗಿ ಕುಳಿತಿರುವ ಗಾಡಿಗೆ, ಎಂದರೆ ಬೊಲೆರೋ ಪಿಕಪ್ಪಿನಂಥದಕ್ಕೆ ಮಾತ್ರ. 2005ರಲ್ಲಿ ಬಂದ ಟಾಟಾ ಏಸ್ ಮಾದರಿಯ ಸಣ್ಣ ಗಾಡಿಗಳಲ್ಲಿ ಎಂಜಿನ್ನು ಆಸನದ ಕೆಳಗಿರುತ್ತದೆ. ಅದರ ಕ್ರಮವೇ ಬೇರೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಗಾಡಿಗಳಿಗೆ ತಂತಿಗಳ ಜಾಲವೂ ಹೊಗೆ ಶುದ್ಧಿ ಮಾಡುವ ಸಾಧನಗಳೂ ಹೆಚ್ಚು. ಅಂಥ ಗಾಡಿಯನ್ನು ಬಲ್ಲ ಮಿಸ್ತ್ರಿಯಿಲ್ಲದೆ ಬಿಚ್ಚಕೂಡದು.

ಇಳಿಸಲೇಬೇಕೆ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಇಳಿಸದೆ ಆಗುವ ಕೆಲಸಕ್ಕೆ ಎಂಜಿನ್ನು ಇಳಿಸಿ ಹಣ ಕಳೆದುಕೊಳ್ಳುವವರು ಬಹಳ ಮಂದಿ. ಕ್ಲಚ್ ತಟ್ಟೆ ಸವೆದಿದ್ದರೆ ಗೇರ್‌ಬಾಕ್ಸನ್ನು ಮಾತ್ರ ಕೆಳಗಿಳಿಸಿದರೆ ಸಾಕು. ಎಣ್ಣೆಯು ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ, ರೇಡಿಯೇಟರಿನ ನೀರು ಸುಮ್ಮಸುಮ್ಮನೆ ಕಡಿಮೆಯಾಗುತ್ತಿದ್ದರೆ, ಸಾಮಾನ್ಯವಾಗಿ ತಲೆಯ ಗ್ಯಾಸ್ಕೆಟ್ಟು ಹೋಗಿದೆಯೆಂದು ತಿಳಿಯಬೇಕು. ತಲೆಯನ್ನು ಗಾಡಿಯಲ್ಲಿದ್ದ ಹಾಗೆಯೇ ಬಿಚ್ಚಬಹುದು. ವಾಲ್ವು, ಟರ್ಬೊ, ಡೀಸೆಲ್ ಪಂಪು ಇವುಗಳ ಕೆಲಸಕ್ಕೂ ಎಂಜಿನ್ನು ಹೊರಗೆ ಬರಬೇಕಾಗಿಲ್ಲ.

ಎಂಜಿನ್ನು ಹೊರಗೆ ಬರಬೇಕಾದದ್ದು ಸಿಲಿಂಡರು ಸವೆದಾಗ, ಕ್ರ್ಯಾಂಕು ಸವೆದಾಗ. ಎಂಜಿನ್ನು ನಿಧಾನ ಗತಿಯಲ್ಲಿ ಓಡುತ್ತಿರುವಾಗ ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದರೆ ಹೊಗೆಯು ಗಾಡಿಬೀಡಿಯಂತೆ ಪುಸುಪುಸು ಎಂದು ತಾಳಬದ್ಧವಾಗಿ ಬರುತ್ತಿದೆಯೇ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದೆಯೇ, ವಾರಕ್ಕೊಮ್ಮೆ ಎಣ್ಣೆ ತುಂಬಬೇಕಾಗುತ್ತಿದೆಯೇ, ನೋಡಬೇಕು. ಇವಿದ್ದರೆ ಪಿಸ್ಟನ್ನು, ಉಂಗುರ, ಸಿಲಿಂಡರು ಸವೆದಿವೆ. ಬಿಸಿಯಾದ ಮೇಲೆ ಎಣ್ಣೆಯ ಕೆಂಪು ದೀಪ ಆರದೆ ಉಳಿದು, ಅಡಿಯಿಂದ ಭಾರವಾದ ಬಡಿತ ಕೇಳಿದರೆ ಕ್ರ್ಯಾಂಕಿನ ಬೇರಿಂಗು ಹೋಗಿದೆಯೆಂಬ ಶಂಕೆ ಬಲವಾಗುತ್ತದೆ. ಆಗ ಗಾಡಿಯನ್ನು ಒಂದು ಹರದಾರಿಯೂ ಓಡಿಸಕೂಡದು. ಓಡಿಸಿದರೆ ಕಂತೆ ಬೇರಿಂಗಿನಲ್ಲಿ ಮುಗಿಯುವ ಖರ್ಚು ಕ್ರ್ಯಾಂಕಿಗೂ ಬ್ಲಾಕಿಗೂ ಹಬ್ಬುತ್ತದೆ. ಸಂದೇಹವಿದ್ದಾಗ ಒಬ್ಬ ಮಿಸ್ತ್ರಿಯನ್ನು ಊರಿಗೇ ಕರೆಸಿ ಸಿಲಿಂಡರುಗಳ ಒತ್ತಡ ಅಳೆಸುವುದು ಲೇಸು. ಆ ಒಂದು ದಿನದ ಕೂಲಿ ವ್ಯರ್ಥವಾಗುವುದಿಲ್ಲ.

ಹಂಗಾಮನ್ನೂ ನೋಡಬೇಕು. ದಸರೆಯಿಂದ ಸಂಕ್ರಾಂತಿಯವರೆಗೆ ಹತ್ತಿ ಬಿಡಿಸುವ ಕಾಲ. ಆಗ ಗಾಡಿ ನಿಂತರೆ ಬಾಡಿಗೆ ಗಾಡಿಗೆ ಹಣ ಸುರಿಯಬೇಕಾಗುತ್ತದೆ. ಎಂಜಿನ್ನು ಸವೆಯುತ್ತಿರುವ ಲಕ್ಷಣ ಕಂಡವರು ಬೇಸಿಗೆಯಲ್ಲಿ, ಯುಗಾದಿಯ ಮೇಲೆ ಮೃಗಶಿರಾ ಮಳೆಗೆ ಮುಂಚೆ, ಈ ಕೆಲಸ ಇಟ್ಟುಕೊಳ್ಳತಕ್ಕದ್ದು. ನಮ್ಮ ಎರೆನೆಲಕ್ಕೂ ಅದೇ ಸರಿಯಾದ ಕಾಲ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇವೆ.

ಭಾರವನ್ನು ಯಾವುದಕ್ಕೆ ತೂಗುಹಾಕಬೇಕು?

ನಾಲ್ಕು ಸಿಲಿಂಡರಿನ, ಎರಡೂವರೆ ಲೀಟರಿನ ಡೀಸೆಲ್ ಎಂಜಿನ್ನು ಇನ್ನೂರು ಕಿಲೋಗೂ ಮಿಕ್ಕಿ ತೂಗುತ್ತದೆ. ಎಂದರೆ 75 ಕಿಲೋದ ನೆಲ್ಲಿನ ಮೂರು ಮೂಟೆಗಳನ್ನು ಒಂದೇ ಕೊಂಡಿಗೆ ತೂಗುಹಾಕಿದಂತೆ. ಮೂಟೆಯಾದರೆ ಬಿದ್ದಲ್ಲಿ ಬಿದ್ದಿರುತ್ತದೆ. ಎಂಜಿನ್ನು ತೂಗಾಡುತ್ತದೆ, ತಿರುಗುತ್ತದೆ, ಬಿದ್ದರೆ ಕೈಕಾಲು ಉಳಿಸುವುದಿಲ್ಲ.

ಬೇವಿನ ಕೊಂಬೆಯನ್ನು ನಂಬಕೂಡದು. ಹೊರಗೆ ಹಸಿರಿದ್ದರೂ ಒಳಗೆ ಟೊಳ್ಳಾಗಿರುವ ಕೊಂಬೆ ಮುನ್ಸೂಚನೆಯಿಲ್ಲದೆ ಮುರಿಯುತ್ತದೆ. ಮಾಳಿಗೆ ಮನೆಯ ತೊಲೆಗೆ ಕಟ್ಟುವುದು ಅದಕ್ಕಿಂತಲೂ ಕೆಟ್ಟದ್ದು. ಆ ತೊಲೆಯ ಮೇಲೆ ಮೊದಲೇ ಮಣ್ಣಿನ ಮಾಳಿಗೆಯ ಭಾರವಿದೆ. ಗೋಡೆಯೊಳಗೆ ಹುದುಗಿದ ತುದಿಯನ್ನು ಗೆದ್ದಲು ತಿಂದಿರುವುದು ಕಣ್ಣಿಗೆ ಬೀಳುವುದಿಲ್ಲ. ಎಂಜಿನ್ನಿನ ಜೊತೆಗೆ ಮಾಳಿಗೆಯೇ ಕೆಳಗೆ ಬಂದೀತು. ಕೆಲವರು ಜೆ.ಸಿ.ಬಿ. ಯಂತ್ರದ ಬಕೆಟ್ಟಿಗೆ ಸರಪಳಿ ಹಾಕಿ ಎತ್ತಿಸುತ್ತಾರೆ. ಶಕ್ತಿ ಬೇಕಾದಷ್ಟಿದೆ, ನಿಜ; ಆದರೆ ಈ ಕೆಲಸಕ್ಕೆ ಬೇಕಾದದ್ದು ಕೂದಲೆಳೆಯಷ್ಟು ಚಲನೆ. ಚಾಲಕನ ಕೈ ತುಸು ಜಾರಿದರೂ ಗೇರ್‌ಬಾಕ್ಸಿನ ದಂಡ ಬಾಗುತ್ತದೆ.

ಹಾಗಾದರೆ ಉಪಾಯವೇನು? ಅದು ನಮ್ಮ ಹಳ್ಳಿಗಳಲ್ಲಿಯೇ ಇದೆ. ಕೊಳವೆಬಾವಿಯ ಮೋಟಾರು ಎತ್ತುವವರ ಬಳಿ ಕಬ್ಬಿಣದ ಕೊಳವೆಯ ಮುಕ್ಕಾಲಿಯೂ ಚೈನ್ ಪುಲ್ಲಿಯೂ ಇರುತ್ತವೆ. ನೀರು ತುಂಬಿದ ಕೊಳವೆಗಳ ಸಮೇತ ಮೋಟಾರು ಎತ್ತುವ ಸಾಧನಕ್ಕೆ ನಮ್ಮ ಎಂಜಿನ್ನು ಭಾರವಲ್ಲ. ಅದನ್ನು ಎರಡು ದಿನದ ಬಾಡಿಗೆಗೆ ತರಬೇಕು. ಪುಲ್ಲಿಯ ಮೇಲೆ ಒಂದು ಟನ್ ಎಂದು ಕೆತ್ತಿರಬೇಕು. ಕೊಂಡಿಯ ಬಾಯಿ ಅಗಲವಾಗಿರಬಾರದು. ಬಾಯಿಗೆ ಅಡ್ಡಲಾಗಿರುವ ನಾಲಿಗೆ ಮುರಿದಿರಬಾರದು. ಎತ್ತಿ ಕೈಬಿಟ್ಟರೆ ಭಾರವು ತಾನಾಗಿ ಜಾರದೆ ನಿಲ್ಲುತ್ತದೆಯೇ ಎಂಬುದನ್ನು ಮೊದಲು ಬೇರೊಂದು ಭಾರದಿಂದ ಪರೀಕ್ಷಿಸಬೇಕು. ನಾರಿನ ಹಗ್ಗ, ನೂಲಿನ ಹಗ್ಗ, ಬಾವಿಯ ಗಿಲಕಿ ಇವು ಈ ಕೆಲಸಕ್ಕೆ ಸಲ್ಲವು.

ಮುಕ್ಕಾಲಿಯ ಅಳತೆಯಲ್ಲಿ ಅನೇಕರು ಎಡವುತ್ತಾರೆ. ಕಾಲುಗಳು ಸುಮಾರು ಹನ್ನೆರಡು ಅಡಿ ಉದ್ದವಿರಬೇಕು. ನೆಲದ ಮೇಲೆ ಪಾದಗಳ ನಡುವೆ ಹತ್ತು ಅಡಿ ಅಂತರ ಬೇಕು. ಎರಡು ಕಾಲು ಗಾಡಿಯ ಎಡಬಲಕ್ಕೆ, ಒಂದು ಕಾಲು ಮೂತಿಯ ಮುಂದಕ್ಕೆ. ಗಾಡಿಯ ಅಗಲ ಆರು ಅಡಿಯೊಳಗೇ ಇದೆಯಲ್ಲ, ಎಂಟು ಅಡಿ ಅಂತರ ಸಾಲದೇ ಎಂದು ಕೇಳಬಹುದು. ಸಾಲದು. ಕಾಲುಗಳು ಮೇಲೆ ಹೋದಂತೆ ಒಂದಕ್ಕೊಂದು ಕೂಡುತ್ತ ಹೋಗುತ್ತವೆ. ನೆಲದಲ್ಲಿ ಎಂಟು ಅಡಿಯಿದ್ದದ್ದು ಬಾನೆಟ್ಟಿನ ಎತ್ತರಕ್ಕೆ ಐದಡಿಯ ಸುಮಾರಿಗೆ ಇಳಿದು, ಗಾಡಿ ಒಳಗೆ ಹೋಗುವುದೇ ಇಲ್ಲ. ಆದ್ದರಿಂದ ಅಂತರವನ್ನು ನೆಲದಲ್ಲಿ ಅಲ್ಲ, ನಾಲ್ಕಡಿ ಎತ್ತರದಲ್ಲಿ ಅಳೆಯಬೇಕು. ಅಗಲವಾಗಿ ನಿಂತ ಕಾಲುಗಳು ಹೊರಕ್ಕೆ ಜಾರಲು ನೋಡುತ್ತವೆ. ಪಾದಗಳನ್ನು ಒಂದಕ್ಕೊಂದು ಸರಪಳಿಯಿಂದ ಬಿಗಿಯಲೇಬೇಕು. ಗಾಡಿ ಒಳಗೆ ಬಂದ ಮೇಲೆ ಸರಪಳಿಯನ್ನು ಅದರ ಅಡಿಯಿಂದ ಹಾಯಿಸಿ, ಗಾಲಿಗಳು ಉರುಳುವ ಹಾದಿಯಲ್ಲಿ ನೆಲಕ್ಕೆ ತಾಗಿರುವಂತೆ ಬಿಡಬೇಕು.

ಇನ್ನು ನೆಲ. ಎರೆಮಣ್ಣು ಒಣಗಿದಾಗ ಕಲ್ಲಿನಂತಿರುತ್ತದೆ. ಒಂದು ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ, ಮೆತ್ತಗಾಗಿ ಮುಕ್ಕಾಲಿಯ ಒಂದು ಕಾಲನ್ನು ಮಾತ್ರ ನುಂಗುತ್ತದೆ. ಮೇಲೆ ಎಂಜಿನ್ನು ತೂಗುತ್ತಿರುವಾಗ ಹೀಗಾದರೆ ಅನಾಹುತ. ಬೇಸಿಗೆಯಲ್ಲಿ ಮಾಡಬೇಕೆಂದು ಹೇಳಿದ್ದು ಇದಕ್ಕೆ. ಬೇಸಿಗೆಯಲ್ಲಿಯೂ ಬಿರುಕು ಬಿಟ್ಟ ಜಾಗ ತಪ್ಪಿಸಿ, ಪ್ರತಿ ಪಾದದ ಕೆಳಗೆ ಎರಡಂಗುಲ ದಪ್ಪದ ಮರದ ಹಲಗೆ ಇಡಬೇಕು. ಮನೆಗೆ ಹಾಸಿ ಉಳಿದ ಬೇತಂಚೆರ್ಲದ ಬಂಡೆ ಇದೆಯಲ್ಲ ಎಂದು ಅದನ್ನಿಟ್ಟರೆ ತೆಳ್ಳಗಿನ ಬಂಡೆ ಫಟ್ಟೆಂದು ಒಡೆಯುತ್ತದೆ. ಸಿಮೆಂಟಿನ ಗಚ್ಚು ಅಂಗಳವಿದ್ದವರಿಗೆ ಈ ಚಿಂತೆ ಕಡಿಮೆ.

ಬಿಚ್ಚುವ ಕ್ರಮ

ಮೂವರು ಬಲ್ಲ ಕೈಗಳಿದ್ದರೆ ಎರಡು ದಿನದ ಕೆಲಸ. ಅವರಲ್ಲಿ ಒಬ್ಬನಾದರೂ ಹಿಂದೆ ಎಂಜಿನ್ನು ಇಳಿಸಿದವನಾಗಿರಬೇಕು. ಪಂಚೆ, ಲುಂಗಿ ಉಟ್ಟು ಈ ಕೆಲಸಕ್ಕೆ ಇಳಿಯಬಾರದು. ಉಂಗುರ, ಕೈಗಡಿಯಾರ, ಕೈಯ ದಾರ ತೆಗೆದಿಡಬೇಕು. ಮಕ್ಕಳನ್ನು ಅಂಗಳದಿಂದ ದೂರವಿಡಬೇಕು. ಹಿಂದಿನ ದಿನ ಸಂಜೆಯೇ ಸೈಲೆನ್ಸರು ಕೊಳವೆಯ ತುಕ್ಕು ಹಿಡಿದ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಚ್ಚಿಟ್ಟರೆ ಮರುದಿನ ಬೋಲ್ಟು ಮುರಿಯುವುದು ತಪ್ಪುತ್ತದೆ.

ಪ್ರಾರಂಭ ಬ್ಯಾಟರಿಯಿಂದ. ಮೊದಲು ಋಣ ತಂತಿ, ಆಮೇಲೆ ಧನ ತಂತಿ ತೆಗೆದು ಬ್ಯಾಟರಿಯನ್ನೇ ಹೊರಗಿಡಬೇಕು. ಡೀಸೆಲ್ ಚೆಲ್ಲುವ ಕಡೆ ಕಿಡಿ ಹಾರಬಾರದು. ಎಂಜಿನ್ನು ಪೂರ್ತಿ ತಣ್ಣಗಾದ ಮೇಲೆಯೇ ರೇಡಿಯೇಟರಿನ ಮುಚ್ಚಳ ತೆಗೆಯತಕ್ಕದ್ದು. ಬಿಸಿಯಿರುವಾಗ ತೆಗೆದರೆ ಕುದಿನೀರು ಮುಖಕ್ಕೆ ಹಾರುತ್ತದೆ. ಬಸಿದ ಬಣ್ಣದ ನೀರನ್ನು ತೆರೆದ ಬುಟ್ಟಿಯಲ್ಲಿ ಬಿಡಕೂಡದು. ಅದು ಸಿಹಿಯಾಗಿರುತ್ತದೆ, ಅದರಲ್ಲಿರುವ ದ್ರವ ವಿಷ, ನಾಯಿ, ಕರು ಕುಡಿದರೆ ಸಾಯುತ್ತವೆ. ಹಳೆಯ ಎಂಜಿನ್ ಎಣ್ಣೆಯನ್ನೂ ಡಬ್ಬಿಯಲ್ಲಿ ತುಂಬಿ ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಬೇಕು. ಅದನ್ನು ದನದ ಗಾಯಕ್ಕೂ ಉಣ್ಣೆಗೂ ಹಚ್ಚುವ ಅಭ್ಯಾಸ ಕೆಲವೆಡೆ ಇದೆ; ಅದು ಔಷಧವಲ್ಲ, ಚರ್ಮದ ಮೂಲಕ ಮೈಗೆ ಸೇರುವ ಕೇಡು. ಕಾಲುವೆಯ ದಡದಲ್ಲಿ ಸುರಿಯುವುದಂತೂ ಬೇಡವೇ ಬೇಡ. ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ನೀರನ್ನು ನಮ್ಮ ದನಕರುಗಳೇ ಕುಡಿಯುತ್ತವೆ.

ಬಾನೆಟ್ಟಿನ ಕೀಲಿನ ಸುತ್ತ ಮೊಳೆಯಿಂದ ಗೆರೆ ಎಳೆದು ಆಮೇಲೆ ಬಿಚ್ಚಿದರೆ ತಿರುಗಿ ಕೂರಿಸುವಾಗ ಹೊಂದಾಣಿಕೆ ಸುಲಭ. ಮುಂದಿನ ಜಾಲರಿ, ರೇಡಿಯೇಟರು, ಅದರ ಮೇಲಿನ ಅಡ್ಡಪಟ್ಟಿ, ಫ್ಯಾನು, ಗಾಳಿ ಕೊಳವೆಗಳು ಇವು ಸಾಲಾಗಿ ಹೊರಬರುತ್ತವೆ. ಸ್ಟೀರಿಂಗಿನ ಎಣ್ಣೆ ಪಂಪು ಇದ್ದರೆ ಅದರ ಕೊಳವೆ ಬಿಚ್ಚದೆ, ಪಂಪನ್ನೇ ಸಡಿಲಿಸಿ ಬದಿಗೆ ಕಟ್ಟಬೇಕು. ತಂಪುಗಾಳಿಯ ಯಂತ್ರವಿರುವ ಗಾಡಿಯಲ್ಲಿಯೂ ಹಾಗೆಯೇ. ಅದರ ಕೊಳವೆಯಲ್ಲಿ ಒತ್ತಡದ ಅನಿಲವಿದೆ, ಮುಟ್ಟಕೂಡದು. ಕ್ಲಚ್ಚಿನ ಎಣ್ಣೆ ಕೊಳವೆಗೂ ಇದೇ ನಿಯಮ. ಡೀಸೆಲ್ ಕೊಳವೆಗಳನ್ನು ಬಿಚ್ಚುವಾಗ ಒಂದು ಎಚ್ಚರ: ಕಾಮನ್ ರೇಲ್ ಎಂಜಿನ್ನಿನಲ್ಲಿ ಇಂಜೆಕ್ಟರಿಗೆ ಹೋಗುವ ಉಕ್ಕಿನ ಕೊಳವೆಯಲ್ಲಿ ವಾಯುಭಾರದ ಸಾವಿರ ಪಟ್ಟಿಗೂ ಮಿಕ್ಕಿದ ಒತ್ತಡವಿರುತ್ತದೆ. ಎಂಜಿನ್ನು ಓಡುವಾಗ ಅದರ ನಟ್ಟು ಸಡಿಲಿಸಿದರೆ ಸೂಜಿಯಂತೆ ಹಾರುವ ಡೀಸೆಲು ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಇಳಿಸುವ ಕೆಲಸಕ್ಕೆ ಆ ಕೊಳವೆಗಳನ್ನು ಮುಟ್ಟುವ ಅಗತ್ಯವೇ ಇಲ್ಲ. ಟಾಕಿಯಿಂದ ಬರುವ ಮತ್ತು ಟಾಕಿಗೆ ಹಿಂದಿರುಗುವ ರಬ್ಬರು ಕೊಳವೆಗಳನ್ನಷ್ಟೇ ತೆಗೆದು, ಬಾಯಿಗಳನ್ನು ಶುಭ್ರವಾದ ಬಿರಡೆಯಿಂದ ಮುಚ್ಚಬೇಕು. ಒಂದು ಚಿಟಿಕೆ ಎರೆಧೂಳು ಹೊಕ್ಕರೆ ಇಂಜೆಕ್ಟರು ಹಾಳು.

ತಂತಿಗಳ ವಿಷಯದಲ್ಲಿ ನೆನಪನ್ನು ನಂಬಬಾರದು. ಪ್ರತಿ ತಂತಿ ಬಿಚ್ಚುವ ಮೊದಲು ಎರಡೂ ತುದಿಗಳಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿ, ಫೋನಿನಲ್ಲಿ ಚಿತ್ರ ತೆಗೆಯಬೇಕು. ಅಕ್ಷರಕ್ಕಿಂತ ಅಂಕಿ ಮೇಲು: ತಿರುಗಿ ಕೂರಿಸಲು ಬರುವ ಮಿಸ್ತ್ರಿ ಕನ್ನಡದವನೋ ತೆಲುಗಿನವನೋ ಉರ್ದುವಿನವನೋ, ಅಂಕಿಯನ್ನು ಎಲ್ಲರೂ ಓದುತ್ತಾರೆ. ಬೋಲ್ಟುಗಳನ್ನು ಒಂದೇ ಬುಟ್ಟಿಗೆ ಸುರಿಯದೆ, ಯಾವ ಭಾಗದ್ದೆಂದು ಬರೆದ ಬೇರೆ ಬೇರೆ ಚೀಲದಲ್ಲಿ ಇಡಬೇಕು. ಗೇರ್‌ಬಾಕ್ಸನ್ನು ಎಂಜಿನ್ನಿಗೆ ಬಿಗಿದಿರುವ ಬೋಲ್ಟುಗಳು ಒಂದೊಂದು ಒಂದೊಂದು ಉದ್ದ; ಅದಲುಬದಲಾದರೆ ಎಂಜಿನ್ನಿನ ಕವಚ ಸೀಳುತ್ತದೆ. ಒಂದು ರಟ್ಟಿನ ಮೇಲೆ ಆ ವರ್ತುಲದ ಚಿತ್ರ ಬರೆದು, ಬೋಲ್ಟುಗಳನ್ನು ಅದದೇ ಸ್ಥಳದಲ್ಲಿ ಚುಚ್ಚಿಡುವುದು ಒಳ್ಳೆಯದು.

ಎಂಜಿನ್ನು ಬೇರ್ಪಡಿಸುವುದು

ಗೇರ್‌ಬಾಕ್ಸನ್ನು ಗಾಡಿಯಲ್ಲಿಯೇ ಬಿಟ್ಟು ಎಂಜಿನ್ನು ಮಾತ್ರ ತೆಗೆಯುವುದು ಮನೆಯಲ್ಲಿ ಸುಲಭ. ಸ್ಟಾರ್ಟರು, ಸೈಲೆನ್ಸರು ಕೊಳವೆ ಬಿಚ್ಚಿದ ಮೇಲೆ ಗೇರ್‌ಬಾಕ್ಸಿನ ಮುಂಭಾಗಕ್ಕೆ ಆಸರೆ ಕೊಡಬೇಕು. ಅದಕ್ಕೆ ಜಾಕು ಸಾಲದು, ಏಕೆಂದರೆ ಆಮೇಲೆ ಗಾಡಿಯನ್ನು ಉರುಳಿಸಬೇಕಾಗುತ್ತದೆ. ಜಾಕು ಜೊತೆಗೆ ಬರುವುದಿಲ್ಲ. ಚಾಸಿಯ ಎರಡು ದಂಡಗಳ ಮೇಲೆ ಅಡ್ಡಲಾಗಿ ಕಬ್ಬಿಣದ ಸಲಾಕೆ ಹಾಕಿ, ಅದರಿಂದ ಸರಪಳಿಯಲ್ಲಿ ಗೇರ್‌ಬಾಕ್ಸನ್ನು ತೂಗುಹಾಕಬೇಕು.

ಈಗ ಸರಪಳಿಯನ್ನು ಎಂಜಿನ್ನಿನ ಎತ್ತುವ ಕಿವಿಗಳಿಗೇ ಹಾಕಬೇಕು. ಕೊಳವೆಗೋ ಪಂಪಿಗೋ ಅಲ್ಲ. ಭಾರ ತುಸು ಹಿಡಿಯುವಷ್ಟು ಮಾತ್ರ ಪುಲ್ಲಿಯನ್ನು ಜಗ್ಗಿ, ಗೇರ್‌ಬಾಕ್ಸಿನ ಬೋಲ್ಟುಗಳನ್ನೂ ಆಮೇಲೆ ಎಂಜಿನ್ನು ಕುಳಿತ ರಬ್ಬರು ಮೆತ್ತೆಗಳ ನಟ್ಟುಗಳನ್ನೂ ತೆಗೆಯಬೇಕು. ಒಂದಂಗುಲ ಎತ್ತಿ ಹತ್ತು ನಿಮಿಷ ಸುಮ್ಮನೆ ನಿಲ್ಲಬೇಕು. ಈ ಹತ್ತು ನಿಮಿಷದಲ್ಲಿ ಮುಕ್ಕಾಲಿಯ ಮೂರು ಪಾದಗಳನ್ನು, ಹಲಗೆಗಳನ್ನು, ಕೊಂಡಿಯನ್ನು ನೋಡಬೇಕು. ಒಂದು ಪಾದ ಇಳಿದಿದ್ದರೂ ಭಾರವನ್ನು ಮತ್ತೆ ಕೂರಿಸಿ ಸರಿಪಡಿಸಬೇಕು.

ಎಂಜಿನ್ನಿನ ಭಾರ ಹೋದೊಡನೆ ಗಾಡಿಯ ಮುಂಗಡೆ ಪಟ್ಟಿಗಳು ಬಿಚ್ಚಿಕೊಂಡು ಎದ್ದುಬರುತ್ತದೆ. ಗೇರ್‌ಬಾಕ್ಸೂ ಜೊತೆಗೆ ಏಳುತ್ತದೆ. ಇದನ್ನು ಅರಿಯದೆ ಎಳೆದಾಡುವುದರಿಂದಲೇ ಗೇರ್‌ಬಾಕ್ಸಿನ ದಂಡಕ್ಕೂ ಕ್ಲಚ್ ತಟ್ಟೆಗೂ ಪೆಟ್ಟಾಗುತ್ತದೆ. ಎಂಜಿನ್ನನ್ನು ಅಷ್ಟೇ ಎತ್ತರಕ್ಕೆ ಏರಿಸಿ, ಎರಡರ ನಡುವಿನ ಬಿರುಕು ಸುತ್ತಲೂ ಒಂದೇ ಸಮನಾಗಿರುವಂತೆ ನೋಡಿಕೊಳ್ಳಬೇಕು. ಮೇಲೆ ಬಿರುಕು ಹೆಚ್ಚು, ಕೆಳಗೆ ಕಡಿಮೆಯಾದರೆ ಎತ್ತರ ಹೊಂದಿಲ್ಲವೆಂದರ್ಥ. ಹಾರೆ ತೂರಿಸಿ ಮೀಟಕೂಡದು. ಎಂಜಿನ್ನನ್ನು ಮುಂದಕ್ಕೆಳೆಯುವುದಕ್ಕಿಂತ ಗಾಡಿಯನ್ನೇ ಅಂಗುಲ ಅಂಗುಲವಾಗಿ ಹಿಂದಕ್ಕೆ ದೂಡುವುದು ಲೇಸು. ದಂಡವು ಕ್ಲಚ್ಚಿನಿಂದ ಪೂರ್ತಿ ಬಿಟ್ಟುಕೊಳ್ಳುವವರೆಗೆ ಮೇಲಕ್ಕೆ ಎತ್ತಲೇಬಾರದು.

ಬಿಟ್ಟುಕೊಂಡ ಮೇಲೆ ಎಂಜಿನ್ನನ್ನು ಮುಂದಿನ ಅಡ್ಡಪಟ್ಟಿಗಿಂತ ಮೇಲೇರಿಸಿ, ಗಾಡಿಯನ್ನು ನಿಧಾನವಾಗಿ ಹಿಂದಕ್ಕೆ ತಳ್ಳಬೇಕು. ಎಂಜಿನ್ನು ಇದ್ದಲ್ಲಿಯೇ ಇರುತ್ತದೆ, ಗಾಡಿ ಅದರ ಕೆಳಗಿನಿಂದ ಸರಿದು ಹೋಗುತ್ತದೆ. ಒಬ್ಬನು ಗಾಲಿಗೆ ಕೊಡುವ ಮರದ ತುಂಡು ಹಿಡಿದು ಸಿದ್ಧನಿರಬೇಕು. ತೂಗುವ ಭಾರದ ಕೆಳಗೆ ಯಾರೂ ಕೈಯನ್ನೂ ಚಾಚಬಾರದು. ಬಿದ್ದ ಪಾನಾ ಎತ್ತಿಕೊಳ್ಳುವುದಕ್ಕೂ ಕೂಡದು. ಗಾಡಿ ಸರಿದ ಕೂಡಲೇ ಎಂಜಿನ್ನನ್ನು ಇಳಿಸಿ ಹಳೆಯ ಲಾರಿ ಟಯರಿನ ಮೇಲೆ ಕೂರಿಸಬೇಕು. ಟಯರು ಅದನ್ನು ವಾಲದಂತೆ ಹಿಡಿಯುತ್ತದೆ. ಅಡಿಯ ಎಣ್ಣೆ ಬೋಗುಣಿಯೂ ಜಜ್ಜುವುದಿಲ್ಲ.

ಅಂಗಡಿಗೆ ಒಯ್ಯುವಾಗ

ಟಯರಿನ ಸಮೇತ ಬಾಡಿಗೆ ಗಾಡಿಗೇರಿಸಿ ನಾಲ್ಕು ಕಡೆ ಬಿಗಿಯಬೇಕು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದವು. ಆದರೂ ಹೊಳಗುಂದಿ, ಕೌತಾಳಂ ಕಡೆಯವರಿಗೆ ಸಿರುಗುಪ್ಪ, ಬಳ್ಳಾರಿಗಳೂ, ಕೋಸಿಗಿ, ಮಂತ್ರಾಲಯದ ಕಡೆಯವರಿಗೆ ರಾಯಚೂರೂ ಇಂದಿಗೂ ಹೋಗಿಬರುವ ಊರುಗಳೇ. ಗಡಿ ದಾಟಿ ಒಯ್ಯುವವರು ಗಾಡಿಯ ನೋಂದಣಿ ಪತ್ರದ ನಕಲನ್ನು ಜೊತೆಯಲ್ಲಿಟ್ಟುಕೊಳ್ಳತಕ್ಕದ್ದು. ಬಿಡಿ ಎಂಜಿನ್ನು ಕಂಡ ಪೊಲೀಸರು ಅದು ಯಾರದೆಂದು ಕೇಳುವುದು ಸಹಜ. ಬ್ಲಾಕಿನ ಮೇಲೆ ಕೆತ್ತಿದ ಸಂಖ್ಯೆಯೂ ಪತ್ರದಲ್ಲಿರುವ ಸಂಖ್ಯೆಯೂ ಒಂದೇ ಆಗಿದ್ದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಆ ಸಂಖ್ಯೆಯನ್ನು ತೊಳೆದು ಚಿತ್ರ ತೆಗೆದಿಡಬೇಕು. ಅಂಗಡಿಯಲ್ಲಿ ಬಿಡುವಾಗ ಪಂಪು, ಟರ್ಬೊ, ಇಂಜೆಕ್ಟರು, ಆಲ್ಟರ್ನೇಟರು ಯಾವುವನ್ನು ಕೊಟ್ಟೆವೆಂಬ ಪಟ್ಟಿಗೆ ರುಜು ಪಡೆಯಬೇಕು. ಬೋರಿಂಗಿಗೆ ಬೇಡವಾದ ಈ ಭಾಗಗಳನ್ನು ಮನೆಯಲ್ಲಿಯೇ ಬಿಚ್ಚಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

“ಇದು ರಿಪೇರಿಯಾಗುವುದಿಲ್ಲ, ಬೇರೆ ಹಳೆ ಎಂಜಿನ್ನು ಅಗ್ಗಕ್ಕೆ ಕೊಡುತ್ತೇವೆ” ಎಂಬ ಮಾತು ಕೆಲವು ಕಡೆ ಕೇಳಿಬರುತ್ತದೆ. ಒಪ್ಪುವ ಮೊದಲು ತಿಳಿದಿರಬೇಕಾದದ್ದು: 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ಎಂಜಿನ್ನು ಬದಲಿಸಿದರೆ ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆದು ಪತ್ರದಲ್ಲಿ ಹೊಸ ಸಂಖ್ಯೆ ಬರೆಸಬೇಕು. ಅದಕ್ಕೆ ಆ ಹಳೆ ಎಂಜಿನ್ನು ಯಾವ ಗಾಡಿಯದೆಂಬ ದಾಖಲೆ, ಕೊಂಡ ರಸೀದಿ ಬೇಕು. ಅವಿಲ್ಲದ ಎಂಜಿನ್ನು ಕಳವಿನದಾಗಿದ್ದರೆ ತೊಂದರೆ ಕೊಂಡವನಿಗೆ. ಸಂಖ್ಯೆ ಹೊಂದದ ಗಾಡಿ ಅಪಘಾತಕ್ಕೀಡಾದರೆ ವಿಮೆಯವರು ತಕರಾರು ತೆಗೆಯಲು ಅದೇ ಸಾಕು.

ಎಂಜಿನ್ನು ಅಂಗಡಿಯಲ್ಲಿರುವಷ್ಟು ದಿನ ಗಾಡಿಯ ಮುಂಗಡೆಯನ್ನು ತಾಡಪತ್ರಿಯಿಂದ ಮುಚ್ಚಿ, ಗೇರ್‌ಬಾಕ್ಸಿನ ಬಾಯಿಗೆ ಬಟ್ಟೆ ಕಟ್ಟಬೇಕು. ಇಲ್ಲವಾದರೆ ಇಲಿಗಳು ತಂತಿ ಕಡಿಯುತ್ತವೆ. ತಿರುಗಿ ಕೂರಿಸುವಾಗ ಇದೇ ಕ್ರಮವನ್ನು ಹಿಂದುಮುಂದಾಗಿ ನಡೆಸಬೇಕು. ಎಂಜಿನ್ನು ಗೇರ್‌ಬಾಕ್ಸಿಗೆ ಕೈಬಲದಿಂದಲೇ ಹೋಗಿ ಕೂಡಬೇಕು. ಕೂಡದಿದ್ದರೆ ಕ್ಲಚ್ ತಟ್ಟೆ ನಡುವಿಗಿಲ್ಲ, ಅದನ್ನು ಸರಿಪಡಿಸಬೇಕೇ ಹೊರತು ಬೋಲ್ಟು ಬಿಗಿದು ಎಳೆದುಕೊಳ್ಳಬಾರದು. ಎಣ್ಣೆ, ಬಣ್ಣದ ನೀರು ತುಂಬಿ, ಡೀಸೆಲ್ ಕೊಳವೆಯ ಗಾಳಿ ತೆಗೆದು, ಇಂಧನವನ್ನು ತಡೆಹಿಡಿದು ಸ್ಟಾರ್ಟರಿನಿಂದ ಕೆಲವು ಸುತ್ತು ತಿರುಗಿಸಿ, ಎಣ್ಣೆಯ ಕೆಂಪು ದೀಪ ಆರಿದ ಮೇಲೆಯೇ ಎಂಜಿನ್ನು ಹೊತ್ತಿಸತಕ್ಕದ್ದು. ಮೊದಲ ವಾರ ಪೂರ್ತಿ ಹೊರೆ ಹೇರದೆ ಓಡಿಸಿ, ಆಮೇಲೆ ಆ ಎಣ್ಣೆಯನ್ನು ಬದಲಿಸಿ, ತಲೆಯ ಬೋಲ್ಟುಗಳನ್ನು ಮತ್ತೆ ಬಿಗಿಯಬೇಕೋ ಬೇಡವೋ ಎಂಬುದನ್ನು ಬೋರಿಂಗ್ ಅಂಗಡಿಯವರಲ್ಲಿಯೇ ವಿಚಾರಿಸಿಕೊಳ್ಳಬೇಕು.